ಬಿಡುವುದಕ್ಕಾಗಿ ಹಿಡಿದ ಮೀನು

ಸ್ಟರ್ಜನ್ ಎಂಬ ಮೀನಿಗೆ ಕನ್ನಡದಲ್ಲಿ ಹೆಸರಿಲ್ಲ. ಇರಬೇಕಾದ ಕಾರಣವೂ ಇಲ್ಲ. ಅದು ಉತ್ತರ ಗೋಲಾರ್ಧದ ತಣ್ಣೀರಿನ ಪ್ರಾಣಿ. ನಮ್ಮ ತುಂಗೆಯಲ್ಲಿಯಾಗಲಿ ಕಾವೇರಿಯಲ್ಲಿಯಾಗಲಿ ಅದರ ಸುಳಿವಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೇ ಒಂದುಂಟು. ಗಾಳವೆಂತಹದು, ದಾರವೆಂತಹದು, ಯಾವ ಮೀನಿಗೆ ಯಾವ ತಿನಿಸು ಎಂಬುದನ್ನೆಲ್ಲ ಆ ರಸಿಕ ಅರಸು ಅಕ್ಕರೆಯಿಂದ ವಿವರಿಸಿದ್ದಾನೆ. ಅಂತಹವನಿಗೂ ಈ ಮೀನಿನ ಪರಿಚಯವಿರಲಾರದು. ಆದುದರಿಂದ ಪರಭಾಷೆಯ ಹೆಸರನ್ನೇ ಇಟ್ಟುಕೊಂಡು ಮುಂದುವರಿಯಲು ಓದುಗರು ಅಪ್ಪಣೆ ಕೊಡಬೇಕು.

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನನಗೆ ಈ ಮೀನು ಎದುರಾದದ್ದು 2023ರ ಅಕ್ಟೋಬರಿನಲ್ಲಿ, ಕೆನಡಾ ದೇಶದ ಪಶ್ಚಿಮದಂಚಿನ ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಫ್ರೇಸರ್ ನದಿಯಲ್ಲಿ. ಮೈಸೂರಿನ ವಿದ್ಯಾರ್ಥಿನಿಲಯವೊಂದರಲ್ಲಿ ನಾವು ಮೂವರು ಮೂರು ವರ್ಷ ಒಂದೇ ಕೊಠಡಿಯಲ್ಲಿದ್ದೆವು. ಅಲ್ಲಿ ಒಬ್ಬರನ್ನೊಬ್ಬರು ಊರಿನ ಹೆಸರಿನಿಂದಲೇ ಕರೆಯುವ ವಾಡಿಕೆ. ಅವನು ನಂಜನಗೂಡು, ಇವನು ಗಂಗೊಳ್ಳಿ, ನಾನು ಶೃಂಗೇರಿ. ಅವರಿಬ್ಬರೂ ಗಣಕಯಂತ್ರದ ಬೆನ್ನು ಹತ್ತಿ ವ್ಯಾಂಕೂವರ್ ನಗರದ ಬಳಿಯ ಸರ್ರೆಯಲ್ಲಿ ನೆಲೆಸಿದರು. ನಾನು ಪಂಪ, ಕುಮಾರವ್ಯಾಸರ ಬೆನ್ನು ಹತ್ತಿ ಇದ್ದಲ್ಲಿಯೇ ಉಳಿದೆ. ದಸರೆಯ ರಜೆಗೆ ಬಾ ಎಂದು ಅವರು ಹಲವು ವರ್ಷ ಕರೆದ ಮೇಲೆ ಆ ವರ್ಷ ಹೊರಟೆ. ಹೋದ ನಾಲ್ಕನೆಯ ದಿನಕ್ಕೆ ನಂಜನಗೂಡು ದೋಣಿಯೊಂದನ್ನು ಗೊತ್ತುಮಾಡಿ ಬಂದು, “ಶನಿವಾರ ಮೀನು ಹಿಡಿಯೋಕೆ ಹೋಗೋಣ ಕಣೋ. ಹಿಡೀಬಹುದು, ತಿನ್ನೋ ಹಾಗಿಲ್ಲ. ನಿನಗೂ ನನಗೂ ಹೇಳಿ ಮಾಡಿಸಿದ ಬೇಟೆ” ಎಂದ.

ಆ ಶನಿವಾರ ಅಕ್ಟೋಬರ್ 14. ನಂಜನಗೂಡಿನ ತಾಯಿಯವರು ಮಗನ ಮನೆಗೆ ಬಂದು ಆರು ತಿಂಗಳಾಗಿತ್ತು. ಅವರು ಪಂಚಾಂಗವನ್ನು ತೆರೆದು ನಮ್ಮೆದುರಿಗೆ ಹಿಡಿದರು. “ಅಮಾವಾಸ್ಯೆ, ಅದೂ ಮಹಾಲಯ, ಸಾಲದ್ದಕ್ಕೆ ಸೂರ್ಯಗ್ರಹಣ. ಇಂಥ ದಿನ ಯಾರಾದರೂ ಜೀವಹಿಂಸೆಗೆ ಹೊರಡುತ್ತಾರೇನಪ್ಪಾ?”

“ಗ್ರಹಣ ಭಾರತದಲ್ಲಿ ಇಲ್ಲವಲ್ಲಮ್ಮ, ಪಂಚಾಂಗದಲ್ಲೇ ಬರೆದಿದೆ” ಎಂದ ಮಗ.

“ನಾವು ಭಾರತದಲ್ಲಿ ಇದೀವಾ?”

ಈ ಪ್ರಶ್ನೆಗೆ ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಕಂಕಣಗ್ರಹಣ ಕಾಣುವುದು ದಕ್ಷಿಣದ ಆರೆಗಾನ್ ಸೀಮೆಯಲ್ಲಿ; ನಮ್ಮ ಕಡೆಗೆ ಖಂಡಗ್ರಹಣ. ಗ್ರಹಣಕಾಲದಲ್ಲಿ ನದಿಯಲ್ಲಿರುವುದು ಪುಣ್ಯವೇ ಅಲ್ಲವೇ ಎಂದು ನಾನು ಶಾಸ್ತ್ರದ ಕಡೆಯಿಂದ ಒಂದು ವಾದ ಹೂಡಿದೆ. ಅವರು ನಕ್ಕರು, ಒಪ್ಪಲಿಲ್ಲ. ಆದರೆ ಬೆಳಗಿನ ಜಾವ ನಾವು ಹೊರಡುವಾಗ ಗಂಗೊಳ್ಳಿಯನ್ನು ಮಾತ್ರ ಪಕ್ಕಕ್ಕೆ ಕರೆದು ಅವನ ಕೈಯಲ್ಲಿ ಒಂದು ಕಾಗದದ ಪೊಟ್ಟಣವನ್ನು ಇಟ್ಟರು. “ಎಳ್ಳು. ಹೇಗೂ ನೀರಿನ ಹತ್ತಿರ ಹೋಗ್ತಿದೀಯ. ತಂದೆಯವರ ಹೆಸರು ಹೇಳಿ ಬಿಡಪ್ಪ.” ಗಂಗೊಳ್ಳಿ ಮಾತನಾಡದೆ ಅದನ್ನು ಜೇಬಿನಲ್ಲಿ ಇಟ್ಟುಕೊಂಡ.

ಅವನ ತಂದೆ ತೀರಿಕೊಂಡದ್ದು 2021ರ ಮೇ ತಿಂಗಳಲ್ಲಿ. ಭಾರತದಿಂದ ಕೆನಡಾಕ್ಕೆ ನೇರ ವಿಮಾನಗಳನ್ನು ಆ ವರ್ಷದ ಏಪ್ರಿಲ್‌ನಲ್ಲಿ ನಿಲ್ಲಿಸಿದ್ದರು, ಸೆಪ್ಟೆಂಬರಿನವರೆಗೂ ತೆರೆಯಲಿಲ್ಲ. ಹೋದರೆ ಮರಳುವುದು ಯಾವಾಗಲೋ, ಇಲ್ಲಿ ಹೆಂಡತಿ ತುಂಬು ಗರ್ಭಿಣಿ. ತಮ್ಮನು ಊರಿನಲ್ಲಿ ಎಲ್ಲವನ್ನೂ ಮಾಡಿದ. ಇವನು ಅಂಗೈಯಗಲದ ದೂರವಾಣಿಯ ತೆರೆಯಲ್ಲಿ ನೋಡಿದ. ಈ ಸಂಗತಿಯನ್ನು ನನಗೆ ತಿಳಿಸಿದವನು ನಂಜನಗೂಡು. ಗಂಗೊಳ್ಳಿ ತಾನಾಗಿ ಎಂದೂ ಆಡಿದವನಲ್ಲ.

ಸರ್ರೆಯಿಂದ ಚಿಲಿವ್ಯಾಕ್ ಊರಿಗೆ ಸುಮಾರು ಒಂದು ಗಂಟೆಯ ದಾರಿ. ದಾರಿಯ ಬಲಗಡೆ ಮಟ್ಟಸವಾದ ಹೊಲಗಳು ಹಬ್ಬಿದ್ದವು. ಒಂದು ಕಾಲಕ್ಕೆ ಅದು ಸೂಮಸ್ ಎಂಬ ಸರೋವರ, ಸ್ಟರ್ಜನ್ ಮೀನಿನ ಬೀಡು. 1920ರ ದಶಕದಲ್ಲಿ ಮನುಷ್ಯರು ಅದನ್ನು ಬತ್ತಿಸಿ ಬೇಸಾಯಕ್ಕೆ ಇಳಿದರು. 2021ರ ನವೆಂಬರಿನ ಮಹಾಮಳೆಯಲ್ಲಿ ಸರೋವರವು ತನ್ನ ಹಳೆಯ ಜಾಗವನ್ನು ನೆನಪಿಟ್ಟುಕೊಂಡು ಮರಳಿ ಬಂದಿತ್ತಂತೆ. ಹೊಲಗಳು, ಕೊಟ್ಟಿಗೆಗಳು, ಹೆದ್ದಾರಿ, ಎಲ್ಲವೂ ನೀರಿನಲ್ಲಿ ಮುಳುಗಿದ್ದವು. ನೀರಿಗೆ ಮರೆವು ಕಡಿಮೆ.

ಫ್ರೇಸರ್ ನದಿಯನ್ನು ನೋಡಿದಾಗ ನನ್ನ ಮನಸ್ಸಿನಲ್ಲಿದ್ದ ಶರದೃತುವಿನ ವರ್ಣನೆಗಳೆಲ್ಲ ಕೈಕೊಟ್ಟವು. ನಮ್ಮ ಕವಿಗಳ ಶರತ್ತಿನಲ್ಲಿ ನೀರು ತಿಳಿಯಾಗುತ್ತದೆ, ಹಂಸಗಳು ಮರಳುತ್ತವೆ, ಆಕಾಶ ತೊಳೆದಿಟ್ಟಂತಿರುತ್ತದೆ. ಇಲ್ಲಿ ನೀರು ಅಕ್ಕಿ ತೊಳೆದ ಕಲಗಚ್ಚಿನ ಬಣ್ಣಕ್ಕಿತ್ತು. ಆಕಾಶಕ್ಕೆ ಕಂಬಳಿ ಹೊದಿಸಿದಂತೆ ಮೋಡ. ದಡದ ಮರಗಳು ಹಳದಿಯಾಗಿ ಎಲೆಯುದುರಿಸುತ್ತಿದ್ದವು. ಗಾಳಿಯಲ್ಲಿ ಕೊಳೆತ ಮೀನಿನ ಗಾಢವಾದ ವಾಸನೆ. ಅದು ಸಾಮನ್ ಮೀನುಗಳ ವಾಸನೆ. ಕಡಲಿನಲ್ಲಿ ಬೆಳೆದ ಆ ಮೀನುಗಳು ಹುಟ್ಟಿದ ಹೊಳೆಗೆ ಹತ್ತಿಬಂದು ಮೊಟ್ಟೆಯಿಟ್ಟು ಅಲ್ಲಿಯೇ ಸಾಯುತ್ತವೆ. ಜಲ್ಲಿಯ ದಿಬ್ಬಗಳ ಮೇಲೆ ಅವುಗಳ ಹೆಣಗಳು. ಹೆಣಗಳ ಮೇಲೆ ಬಿಳಿತಲೆಯ ಹದ್ದುಗಳು. ಈ ಸಾವಿನ ಸುಗ್ಗಿಯನ್ನು ಉಂಡು ಸ್ಟರ್ಜನ್ ಚಳಿಗಾಲಕ್ಕೆ ಮೈಗೂಡುತ್ತದೆ. ಆದುದರಿಂದಲೇ ಅದನ್ನು ಹಿಡಿಯಲು ಶರತ್ಕಾಲ ಪ್ರಶಸ್ತ.

ಐಲೆಂಡ್ 22 ಎಂಬ ಉದ್ಯಾನದ ದೋಣಿಗಟ್ಟೆಯಲ್ಲಿ ನಮ್ಮ ನಾವಿಕ ಕಾದಿದ್ದ. ಅರುವತ್ತು ದಾಟಿದ ಮನುಷ್ಯ. ಮಾತು ಮಿತ, ಕಾಫಿ ಅಮಿತ. ಮೊದಲು ನಮ್ಮ ಪರವಾನಗಿಗಳನ್ನು ನೋಡಿದ. ಆ ನೀರಿನಲ್ಲಿ ಗಾಳ ಹಾಕಲು ಒಂದು ಪರವಾನಗಿ, ಸ್ಟರ್ಜನ್ನಿಗೆಂದೇ ಬೇರೊಂದು. ನಾನು ಯಾವುದನ್ನೂ ಕೊಂಡಿರಲಿಲ್ಲ. “ನಾನು ನೋಡಲು ಬಂದವನು” ಎಂದೆ. ಕಸುಬೇನೆಂದು ವಿಚಾರಿಸಿ, ಮೇಷ್ಟ್ರೆಂದು ತಿಳಿದು, ಒಂದು ಪುಸ್ತಕವನ್ನೂ ಪೆನ್ಸಿಲನ್ನೂ ನನ್ನ ಕೈಗೆ ಕೊಟ್ಟ. “ಹಾಗಾದರೆ ಲೆಕ್ಕ ಬರೆಯುವುದು ನಿಮ್ಮ ಕೆಲಸ.”

ಅಲ್ಯೂಮಿನಿಯಮ್ಮಿನ ದೋಣಿ ಜಲ್ಲಿಯ ತಿಟ್ಟುಗಳ ನಡುವೆ ಮೇಲುಹೊಳೆಯತ್ತ ಸಾಗಿತು. ಮಡುವಿನಂತೆ ಆಳವಿದ್ದ ಒಂದು ತಿರುವಿನಲ್ಲಿ ಲಂಗರು ಹಾಕಿದರು. ಗಾಳ ನನ್ನ ಹೆಬ್ಬೆರಳಿಗಿಂತ ದಪ್ಪವಿತ್ತು. ಆದರೆ ಅದರ ತುದಿಯಲ್ಲಿ ಮರುಮುಳ್ಳಿಲ್ಲ. ಮರುಮುಳ್ಳಿರುವ ಗಾಳಕ್ಕೆ ಇಲ್ಲಿ ಕಾನೂನಿನ ನಿಷೇಧ. ಬಿಡಿಸುವಾಗ ಮೀನಿನ ಬಾಯಿ ಹರಿಯಬಾರದು. ಸಾಮನ್ ಮೀನಿನ ಕೆಂಪು ಮೊಟ್ಟೆಗಳನ್ನು ತೆಳುವಾದ ಜಾಳಿಗೆಯಲ್ಲಿ ನಿಂಬೆಗಾತ್ರಕ್ಕೆ ಕಟ್ಟಿ ಗಾಳಕ್ಕೆ ಪೋಣಿಸಿದ. ಅರ್ಧ ಕಿಲೋ ತೂಗುವ ಸೀಸದ ಗುಂಡಿನೊಡನೆ ಅದು ತಳಕ್ಕೆ ಇಳಿಯಿತು. ಈ ಮೀನು ತಳದಲ್ಲಿ ಮೂಸಿಕೊಂಡು ತಿರುಗುವ ಜೀವಿ. ಬಾಯಿ ಮೂತಿಯ ಕೆಳಗೆ; ಅದರ ಮುಂದೆ ನಾಲ್ಕು ಮೀಸೆಗಳು. ಹಲ್ಲಿಲ್ಲ. ಬಾಯಿಯನ್ನು ಚೀಲದಂತೆ ಹೊರಚಾಚಿ ಆಹಾರವನ್ನು ಹೀರಿಕೊಳ್ಳುತ್ತದೆ. ಮೈಗೆ ಹುರುಪೆಯಿಲ್ಲ, ಐದು ಸಾಲು ಮೂಳೆಯ ಬಿಲ್ಲೆಗಳ ಕವಚ. ಒಳಗಿನ ಅಸ್ಥಿಪಂಜರ ಹೆಚ್ಚಾಗಿ ಮೃದ್ವಸ್ಥಿ. ಡೈನೊಸಾರುಗಳ ಕಾಲದಿಂದ ಬಂದ ಕುಲ. ಫ್ರೇಸರಿನ ಬಿಳಿಯ ಸ್ಟರ್ಜನ್ ಆರು ಮೀಟರ್ ಉದ್ದ, ಆರುನೂರು ಕಿಲೋ ತೂಕಕ್ಕೆ ಬೆಳೆದದ್ದುಂಟು. ನೂರು ವರ್ಷ ದಾಟಿ ಬದುಕಿದ್ದೂ ಉಂಟು. ಹೆಣ್ಣು ಮೊದಲ ಸಲ ಮೊಟ್ಟೆಯಿಡಲು ಎರಡು ದಶಕಗಳ ಆಸುಪಾಸು ಬೇಕು. ಆಮೇಲೂ ಪ್ರತಿವರ್ಷ ಇಡುವುದಿಲ್ಲ, ಹಲವು ವರ್ಷಗಳಿಗೊಮ್ಮೆ.

ಇಷ್ಟು ನಿಧಾನವಾಗಿ ಬದುಕುವ ಪ್ರಾಣಿಯನ್ನು ಅವಸರದ ಮನುಷ್ಯನು ಕಂಡರೆ ಏನಾಗುವುದೆಂದು ಊಹಿಸಬಹುದು. ಸಾವಿರಾರು ವರ್ಷಗಳಿಂದ ಈ ದಡದಲ್ಲಿ ಬಾಳಿದ ಸ್ಟೋಲೊ ಜನರು (ಆ ಹೆಸರಿನಲ್ಲಿಯೇ ನದಿಯಿದೆ) ಅದನ್ನು ಹಿಡಿದು ತಿಂದರೂ ಅದು ಉಳಿದಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಿಳಿಯ ವ್ಯಾಪಾರಿಗಳು ಮಾಂಸಕ್ಕೂ ಮೊಟ್ಟೆಗೂ ಬಲೆ ಹೂಡಿದರು. 1897ರಲ್ಲಿ, ಒಂದೇ ವರ್ಷ, ಐದು ಲಕ್ಷ ಕಿಲೋಗೂ ಮಿಕ್ಕಿ ಮೀನು ದಡಕ್ಕೆ ಬಂತು. ಇನ್ನು ಕೆಲವೇ ವರ್ಷಗಳಲ್ಲಿ ಬರುವುದು ನಿಂತಿತು. ಏಕೆಂದರೆ ನದಿಯಲ್ಲಿ ಇರಲಿಲ್ಲ. 1990ರ ದಶಕದ ಮೊದಲಲ್ಲಿ ದೊಡ್ಡ ದೊಡ್ಡ ಸ್ಟರ್ಜನ್‌ಗಳು ಸತ್ತು ತೇಲತೊಡಗಿದಾಗ ಜನ ಎಚ್ಚೆತ್ತರು. 1994ರಿಂದ, ಹವ್ಯಾಸಿಯಿರಲಿ ವ್ಯಾಪಾರಿಯಿರಲಿ, ಹಿಡಿದ ಸ್ಟರ್ಜನ್ನನ್ನು ಇಟ್ಟುಕೊಳ್ಳುವಂತಿಲ್ಲ. 2000ದ ಆಸುಪಾಸಿನಿಂದ ಗಾಳಗಾರರೂ ನಾವಿಕರೂ ಸ್ವಯಂಸೇವಕರಾಗಿ, ಹಿಡಿದ ಪ್ರತಿ ಮೀನನ್ನೂ ಅಳೆದು, ಚರ್ಮದಡಿಗೆ ಅಕ್ಕಿಕಾಳಿನಂತಹ ಗುರುತೊಂದನ್ನು ಸೇರಿಸಿ ಬಿಡುತ್ತಿದ್ದಾರೆ. ನದಿಯಲ್ಲಿ ಎಷ್ಟು ಮೀನಿದೆ, ಮರಿಗಳು ಹುಟ್ಟುತ್ತಿವೆಯೇ ಎಂಬ ಲೆಕ್ಕವೆಲ್ಲ ಹೊರಟದ್ದು ಈ ವಿನೋದದಿಂದ.

ಇದನ್ನೆಲ್ಲ ನಾವಿಕ ಒಂದೊಂದೇ ವಾಕ್ಯವಾಗಿ ಹೇಳಿ ಮುಗಿಸುವಷ್ಟರಲ್ಲಿ ಒಂಬತ್ತು ದಾಟಿತ್ತು. ಮೋಡದ ಹಿಂದೆ ಸೂರ್ಯನಿಗೆ ಏನಾಗುತ್ತಿದೆಯೋ ನಮಗೆ ಕಾಣಲಿಲ್ಲ. ಬೆಳಕು ಮಾತ್ರ ಯಾರೋ ದೀಪದ ಬತ್ತಿ ಇಳಿಸಿದಂತೆ ಕುಗ್ಗಿತು. ಹದ್ದುಗಳು ಸುಮ್ಮನಾದವು. ಆ ಮಬ್ಬಿನಲ್ಲಿ ಗಂಗೊಳ್ಳಿ ಅಂದು ಮೊದಲ ಬಾರಿಗೆ ಬಾಯ್ತೆರೆದ.

“ಬಿಡುಕೇ ಆರೆ ಹಿಡುದ್ ಎಂತಕೆ ಮಾರಾಯ?”

ನಂಜನಗೂಡು ಕಾವೇರಿಯ ದೃಷ್ಟಾಂತ ತೆಗೆದ. ಭೀಮೇಶ್ವರಿ, ಗಾಲಿಬೋರೆಗಳಲ್ಲಿ ಹರಿಗೋಲಿನಲ್ಲಿ ಕುಳಿತು ಬಿಳಿಮೀನನ್ನು ಹಿಡಿದು ಬಿಡುತ್ತಿದ್ದ ಕಾಲದಲ್ಲಿ, ಆ ಆಟದ ದೆಸೆಯಿಂದಲೇ ನದಿಗೆ ಕಾವಲಿತ್ತು, ಸಿಡಿಮದ್ದು ಹಾಕುವವರು ಹೆದರುತ್ತಿದ್ದರು ಎಂದ. ಅಭಯಾರಣ್ಯದ ಕಾನೂನಿನಿಂದಾಗಿ ಕಳೆದ ದಶಕದ ಆರಂಭದಲ್ಲಿ ಅದು ನಿಂತಿತು. ಆ ಗೂನುಬೆನ್ನಿನ ಬಿಳಿಮೀನಿಗೆ ವಿಜ್ಞಾನಿಗಳು ಸರಿಯಾದ ಹೆಸರನ್ನು ಗೊತ್ತುಪಡಿಸಿದ್ದೇ 2018ರಲ್ಲಿ, ಅದು ಅಳಿವಿನಂಚಿಗೆ ಬಂದ ಮೇಲೆ. ತನ್ನೂರ ಕಪಿಲೆಯಲ್ಲಿ 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 120 ಪೌಂಡಿನ ಬಿಳಿಮೀನು ಹಿಡಿದ ದಾಖಲೆಯನ್ನೂ ಹೆಮ್ಮೆಯಿಂದ ಸೇರಿಸಿದ. ನಾನು ಶೃಂಗೇರಿಯ ಪಕ್ಷ ಹಿಡಿದೆ. ನಮ್ಮ ತುಂಗೆಯ ಮೀನುಗಳಿಗೆ ಗಾಳದ ಹಂಗೂ ಇಲ್ಲ, ಅಳತೆಗೋಲಿನ ಹಂಗೂ ಇಲ್ಲ. ಮೆಟ್ಟಿಲಲ್ಲಿ ನಿಂತು ಮಂಡಕ್ಕಿ ಎರಚಿದರೆ ಮೊಳದುದ್ದದ ಮೀನುಗಳು ಬಂದು ತಿಂದು ಹೋಗುತ್ತವೆ, ಅದಕ್ಕಿಂತ ಬೇರೆ ರಕ್ಷಣೆ ಏಕೆ?

ಗಂಗೊಳ್ಳಿ ನಮ್ಮಿಬ್ಬರನ್ನೂ ನೋಡಿದ. “ನಿಮಗೆ ಮೀನು ಒಂದು ಆಟ, ಇಲ್ಲ ಒಂದು ದೇವರು. ನಮಗೆ ಅದು ಊಟ. ಊಟದ ಜೊತೆ ಆಟ ಆಡಬಾರದು ಅಂತ ಅಪ್ಪಯ್ಯ ಹೇಳ್ತಿದ್ರು.” ಸ್ವಲ್ಪ ಹೊತ್ತು ತಡೆದು ಮುಂದುವರಿಸಿದ. ತಂದೆ ಚಿಕ್ಕಂದಿನಲ್ಲಿ ರಂಪಣಿ ಬಲೆ ಎಳೆದವರು. ಊರಿಗೆ ಊರೇ ದಡದಲ್ಲಿ ನಿಂತು ಎಳೆಯುವ ಬಲೆಯದು. 1970ರ ದಶಕದ ನಡುವಿನಲ್ಲಿ ಪರ್ಸೀನ್ ದೋಣಿಗಳು ಬಂದು, ದಡಕ್ಕೆ ಬರುವ ಮೀನನ್ನು ಕಡಲಲ್ಲಿಯೇ ಬಳಿದುಕೊಂಡಾಗ ರಂಪಣಿ ಮೂಲೆ ಸೇರಿತು. ಆಮೇಲೆ ಪರರ ದೋಣಿಯಲ್ಲಿ ದುಡಿದು, ಕೊನೆಗೆ ತಮ್ಮದೇ ಒಂದು ಚಿಕ್ಕ ದೋಣಿ ಮಾಡಿಕೊಂಡರು. “ಬಲೆಗೆ ಕಡಲಾಮೆ ಬಿದ್ರೆ ಕತ್ತಿ ತಗೊಂಡು ಬಲೆಯನ್ನೇ ಕೊಯ್ದು ಬಿಡ್ತಿದ್ರು. ಹೊಸ ಬಲೆಯಾದರೂ ಸರಿ. ಆವತ್ತಿನ ಮೀನೂ ಹೋಯ್ತು, ಬಲೆಯೂ ಹೋಯ್ತು. ಅದು ಬಿಡುವುದು. ಇಲ್ಲಿ ನಮಗೇನು ಹೋಗ್ತದೆ?”

ನಂಜನಗೂಡು, ದೋಣಿಯ ಬಾಡಿಗೆ ಎಷ್ಟೆಂದು ಹೇಳಲು ಬಾಯ್ತೆರೆದು, ನನ್ನ ಮುಖ ನೋಡಿ ಮುಚ್ಚಿಕೊಂಡ.

ಬೆಳಕು ಮರಳಿ ಬರುತ್ತಿದ್ದಂತೆ ಮೊದಲ ಮೀನು ಬಿತ್ತು. ಎರಡಡಿಯ ಮರಿ. ನಂಜನಗೂಡಿನ ಸರದಿ. ಐದೇ ನಿಮಿಷದಲ್ಲಿ ಅದು ದೋಣಿಯ ಮಗ್ಗುಲಿಗೆ ಬಂತು. ಗುರುತು ಹಾಕಿರಲಿಲ್ಲ, ನಾವಿಕನು ಸೂಜಿಯಿಂದ ಅದಕ್ಕೊಂದು ಸಂಖ್ಯೆಯನ್ನು ದಯಪಾಲಿಸಿದ. “ಆಧಾರ್ ಆಯ್ತು” ಎಂದು ನಂಜನಗೂಡು ಅದನ್ನು ನೀರಿಗೆ ಬಿಟ್ಟ. ನಾನು ಪುಸ್ತಕದಲ್ಲಿ ಬರೆದುಕೊಂಡೆ.

ಅದಾದ ಮೇಲೆ ಎರಡು ಗಂಟೆ ಏನೂ ಇಲ್ಲ. ಚಿತ್ರಾನ್ನ ತಿಂದೆವು. ನಾವಿಕನಿಗೂ ಕೊಟ್ಟೆವು, ಮೆಣಸಿನಕಾಯಿಯನ್ನು ಹುರುಳಿಕಾಯಿಯೆಂದು ಭ್ರಮಿಸಿ ತಿಂದು ಅವನು ಬಹಳ ಹೊತ್ತು ನದಿಯ ಸೌಂದರ್ಯವನ್ನು ನೋಡುತ್ತ ಕುಳಿತ. ಹೀಗಿರುವಾಗ ಎಡಗಡೆಯ ಕೋಲಿನ ತುದಿ ಎರಡು ಸಲ ತಲೆದೂಗಿತು. ಕೋಲು ಗಂಗೊಳ್ಳಿಯ ಸರದಿಯದು. ಅವನು ಏಳಲಿಲ್ಲ. ನಾವಿಕ ಬೆರಳೆತ್ತಿ ಕಾಯಿರೆಂದ. ಮತ್ತೊಮ್ಮೆ ತೂಗಿತು. ಮೂರನೆಯ ಸಲ ಕೋಲು ಬಿಲ್ಲಿನಂತೆ ಬಾಗಿದಾಗ ಗಂಗೊಳ್ಳಿ ಹೇಗೆ ಎದ್ದನೋ, ಯಾವಾಗ ಅದನ್ನು ಎತ್ತಿ ಎಳೆದನೋ ನಾನು ಕಾಣೆ. ತಿಳಿಯುವ ಮೊದಲೇ ಕೈ ತಿಳಿದುಕೊಂಡಿತ್ತು. ದಾರ ಸುಯ್ಯೆಂದು ಹರಿಯಿತು. ಐವತ್ತು ಗಜ ದೂರದಲ್ಲಿ ನೀರೊಡೆದು, ಬೂದಿಬಣ್ಣದ ಒಂದು ಬೃಹತ್ತಾದ ಮೈ ಪೂರ್ತಿಯಾಗಿ ಗಾಳಿಗೇರಿ, ಮರದ ದಿಮ್ಮಿ ಬಿದ್ದಂತೆ ಮಗುಚಿ ಬಿತ್ತು.

ನಾವಿಕ ಲಂಗರಿನ ಹಗ್ಗಕ್ಕೆ ತೇಲುಬುಂಡೆ ಕಟ್ಟಿ ನೀರಿಗೆ ಎಸೆದ. ದೋಣಿ ಬಿಡುಗಡೆಗೊಂಡು ಮೀನಿನ ಹಿಂದೆ ತೇಲತೊಡಗಿತು. ಮನುವಿನ ನಾವೆಯನ್ನು ಮತ್ಸ್ಯವು ತನ್ನ ಕೊಂಬಿಗೆ ಕಟ್ಟಿಸಿಕೊಂಡು ಎಳೆದ ಕಥೆಯನ್ನು ನಾನು ತರಗತಿಯಲ್ಲಿ ಎಷ್ಟು ಬಾರಿ ಹೇಳಿದ್ದೇನೆಯೋ! ಆದರೆ ಆ ನಾವೆಯಲ್ಲಿ ಕುಳಿತವನ ಹೊಟ್ಟೆಯೊಳಗೆ ಏನಾಗುತ್ತಿತ್ತೆಂದು ಯೋಚಿಸಿದವನಲ್ಲ. ಮುಕ್ಕಾಲು ಗಂಟೆ ನಡೆಯಿತು. ನಂಜನಗೂಡು ಎರಡು ಬಾರಿ ಕೋಲು ಹಿಡಿಯಲು ಕೈಚಾಚಿದ; ಗಂಗೊಳ್ಳಿ ಕೊಡಲಿಲ್ಲ. ಅಂಗಿ ಬೆವರಿನಿಂದ ಅಂಟಿತ್ತು. ಏನೋ ಗೊಣಗುತ್ತಿದ್ದ. ಬಯ್ಗುಳವೋ ಬಿನ್ನಹವೋ ತಿಳಿಯುವಂತಿರಲಿಲ್ಲ.

ದೊಡ್ಡ ಸ್ಟರ್ಜನ್ನನ್ನು ನೀರಿನಿಂದ ಎತ್ತಬಾರದು; ಅದರ ಮೈಭಾರವೇ ಅದರ ಒಳಾಂಗಗಳಿಗೆ ಕುತ್ತು. ಆದುದರಿಂದ ದೋಣಿಯನ್ನು ಜಲ್ಲಿಯ ದಡಕ್ಕೆ ತಾಗಿಸಿ ನಾವೇ ತೊಡೆಯವರೆಗಿನ ನೀರಿಗೆ ಇಳಿದೆವು. ಆ ಚಳಿಯನ್ನು ವರ್ಣಿಸಲು ನನಗೆ ಶಕ್ತಿಯಿಲ್ಲ. ಅಳತೆ: 221 ಸೆಂಟಿಮೀಟರ್. ಬರೆದುಕೊಂಡೆ. ಗಂಡೋ ಹೆಣ್ಣೋ ಹೊರಗಿನಿಂದ ಹೇಳಲಾಗದಂತೆ. ವಯಸ್ಸು? ನಾವಿಕ ಹೆಗಲು ಕುಣಿಸಿದ. “ನಲವತ್ತು, ಐವತ್ತು ಇರಬಹುದು. ನಿಮ್ಮ ಮೂವರಿಗಿಂತ ಹಿರಿದು, ಅದಂತೂ ಸರಿ.” ಗುರುತು ಓದುವ ಯಂತ್ರವನ್ನು ತಲೆಯ ಹಿಂಬದಿಗೆ ಹಿಡಿದಾಗ ಕಿಚ್ ಎಂದಿತು. ಸಂಖ್ಯೆಯಿತ್ತು. ಆ ಸಂಖ್ಯೆಯ ಹಿಂದಿನ ಕಥೆ ನಮಗೆ ತಿಳಿದದ್ದು ಕೆಲವು ದಿನಗಳ ಮೇಲೆ, ನಾವಿಕ ಕಳುಹಿಸಿದ ಸಂದೇಶದಿಂದ. 2003ರಲ್ಲಿ ಅದನ್ನು ಮೊದಲು ಹಿಡಿದವರು ಅಳೆದಾಗ 148 ಸೆಂಟಿಮೀಟರ್ ಇತ್ತು. ಅಲ್ಲಿಂದೀಚೆಗೆ ಏಳು ಬಾರಿ ಸಿಕ್ಕಿದೆ. ನಮ್ಮದು ಎಂಟನೆಯದು. ನಮ್ಮ ಪರಾಕ್ರಮದ ಬೆಲೆ ಅಷ್ಟು.

ಆದರೆ ಆ ನೀರಿನಲ್ಲಿ ನಿಂತಿದ್ದಾಗ ನಮಗಿದೊಂದೂ ತಿಳಿದಿರಲಿಲ್ಲ. ಕೈಯಿಟ್ಟು ನೋಡಿದೆ. ಬೆನ್ನ ಬಿಲ್ಲೆಗಳು ಸವೆದು ನಯವಾಗಿದ್ದವು. ನಡುವಿನ ಚರ್ಮ ಮರಳುಕಾಗದದಂತೆ ಒರಟು. ಪುಟ್ಟ ಕಣ್ಣು ನನ್ನನ್ನು ನೋಡುತ್ತಿದೆಯೆಂದು ಭಾವಿಸಲು ಕಾರಣವೇ ಇರಲಿಲ್ಲ, ಆದರೂ ಭಾವಿಸಿದೆ. ಶೃಂಗೇರಿಯ ಮೆಟ್ಟಿಲಿನಲ್ಲಿ ಬಾಲ್ಯವೆಲ್ಲ ಮೀನಿಗೆ ಮಂಡಕ್ಕಿ ಎರಚಿದವನು ನಾನು. ಒಂದು ಮೀನನ್ನು ಮುಟ್ಟಿದ್ದು ಅದೇ ಮೊದಲು.

ಬಿಡುವ ಕೆಲಸ ಗಂಗೊಳ್ಳಿಯದು. ಹರಿವಿಗೆದುರಾಗಿ ತಲೆ ಮಾಡಿ, ಬಾಲದ ಬುಡವನ್ನು ಒಂದು ಕೈಯಲ್ಲಿ, ಹೊಟ್ಟೆಯನ್ನು ಇನ್ನೊಂದರಲ್ಲಿ ಆನಿಸಿಕೊಂಡು ನಿಂತ. ದಣಿದ ಮೀನು ಉಸಿರು ಕೂಡಿಸಿಕೊಳ್ಳುವವರೆಗೆ ಹೀಗೆ ಹಿಡಿದಿರಬೇಕು. ಕಿವಿರುಗಳು ನಿಧಾನವಾಗಿ ತೆರೆದು ಮುಚ್ಚಿದವು. ಐದು ನಿಮಿಷವಾಯಿತು, ಹತ್ತಾಯಿತು. ನಾವಿಕನೂ ಅವಸರಪಡಿಸಲಿಲ್ಲ. ಕೊನೆಗೆ ಬಾಲ ಒಮ್ಮೆ ಬೀಸಿತು. ಗಂಗೊಳ್ಳಿ ಎರಡು ಕೈಗಳನ್ನೂ ತೆರೆದ.

“ಹೋಗಿ ಬನ್ನಿ” ಎಂದ.

ಬಹುವಚನ. ವ್ಯಾಕರಣ ಕಲಿಸುವವನ ಕಿವಿ ಇಂತಹುದನ್ನು ಬಿಡುವುದಿಲ್ಲ. ನಾನು ಇಷ್ಟು ಹೊತ್ತು ‘ಅದು’ ಎಂದು ಬರೆದುಕೊಂಡು ಬಂದಿದ್ದೇನೆ. ಕನ್ನಡದಲ್ಲಿ ಮೀನಿಗೆ ಬೇರೆ ಸರ್ವನಾಮವಿಲ್ಲ.

ಅನಂತರ ಅವನು ಜೇಬಿನಿಂದ ಪೊಟ್ಟಣವನ್ನು ತೆಗೆದ. ಕಾಗದ ನೆನೆದು ಮೆತ್ತಗಾಗಿತ್ತು. ಎಳ್ಳನ್ನು ಅಂಗೈಗೆ ಸುರಿದುಕೊಂಡು, ತುಟಿಯಲ್ಲಿಯೇ ಒಂದು ಹೆಸರು ಹೇಳಿ ನೀರಿಗೆ ಬಿಟ್ಟ. ಕಪ್ಪು ಕಾಳುಗಳು ಕ್ಷಣಕಾಲ ತೇಲಿ ಚದುರಿ ಹೋದವು. ನಾವಿಕನಿಗೆ ಕುತೂಹಲವಾಯಿತು. ಏನದು, ಹೊಸ ಬಗೆಯ ತಿನಿಸೇ ಎಂದು ನಂಜನಗೂಡನ್ನು ಕೇಳಿದ.

“ಹೌದು” ಎಂದ ನಂಜನಗೂಡು, “ಬಹಳ ಹಳೆಯದು.”

ಸಂಜೆ ಸರ್ರೆಯ ಮನೆಗೆ ಮರಳಿದಾಗ ತಾಯಿಯವರು ಮೂವರನ್ನೂ ಹಿತ್ತಲಲ್ಲಿಯೇ ತಡೆದು ಬಿಸಿನೀರು ಕಳುಹಿಸಿದರು. ಮೀನಿನ ವಾಸನೆ, ಗ್ರಹಣದ ಮೈಲಿಗೆ, ಎರಡಕ್ಕೂ ಒಂದೇ ಸ್ನಾನ. ಪೊಟ್ಟಣವೇನಾಯಿತೆಂದು ಅವರು ಕೇಳಲಿಲ್ಲ, ಅವನೂ ಹೇಳಲಿಲ್ಲ. ಊಟಕ್ಕೆ ಕುಳಿತಾಗ ಗಂಗೊಳ್ಳಿಯಲ್ಲಿ ಭಾನುವಾರ ಬೆಳಗಾಗಿತ್ತು. ಅವನ ತಾಯಿಯಿಂದ ಕರೆ ಬಂತು. ಮೀನಿನ ಉದ್ದ, ದಪ್ಪ, ಅದು ಹಾರಿದ್ದು, ದೋಣಿಯನ್ನು ಎಳೆದದ್ದು, ಎಲ್ಲವನ್ನೂ ಅವನು ಕೈಬೀಸಿ ಬಣ್ಣಿಸಿದ. ಅಷ್ಟು ಮಾತನಾಡಿದ್ದನ್ನು ನಾನು ಆ ವಾರದಲ್ಲಿ ನೋಡಿರಲಿಲ್ಲ.

“ಮನಿಗೆ ತಂದ್ಯಾ?” ಎಂದು ಆ ತಾಯಿ ಕೇಳಿದ್ದು ನಮಗೂ ಕೇಳಿಸಿತು.

“ಇಲ್ಲೆ ಅಮ್ಮ. ಬಿಟ್ಟೆ.”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಕಾಗೆಯೊಂದು ಕೂಗುತ್ತಿತ್ತು.

“ಹಂಗಾರೆ ಊಟಕ್ಕೆ ಎಂತ?”

ಅವನು ತಟ್ಟೆಯನ್ನು ನೋಡಿಕೊಂಡ. “ತೊವ್ವೆ” ಎಂದ.